ಸುಮ್ಮನಿರದ ಬಾಯಿ: ವಂಶದ ಕಾಯಿಲೆಯೇ, ಮಾತ್ರೆಯ ಪರಿಣಾಮವೇ?

ಪ್ರಶ್ನೆ: ನನ್ನ ತಾಯಿಗೆ 63 ವರ್ಷ. 12 ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಎಂಟು ತಿಂಗಳಿಂದ ಅವರ ಬಾಯಿ ಸುಮ್ಮನಿರುತ್ತಿಲ್ಲ. ಬಾಯಲ್ಲಿ ಏನೂ ಇಲ್ಲದಿದ್ದರೂ ಮೆಲುಕು ಹಾಕುವಂತೆ ದವಡೆ ಆಡುತ್ತಿರುತ್ತದೆ, ತುಟಿ ಚಪ್ಪರಿಸುತ್ತಾರೆ, ನಾಲಿಗೆ ಆಗಾಗ ಹೊರಗೆ ಇಣುಕಿ ಒಳಗೆ ಹೋಗುತ್ತದೆ. ಈಚೆಗೆ ಕೈಬೆರಳುಗಳೂ ತಂತಿ ಮೀಟುವ ಹಾಗೆ ಆಡತೊಡಗಿವೆ. ನಿದ್ದೆಯಲ್ಲಿ ಎಲ್ಲವೂ ನಿಂತುಹೋಗುತ್ತದೆ. ಕೇಳಿದರೆ ‘ನನಗೇನೂ ಗೊತ್ತಾಗುವುದಿಲ್ಲ’ ಎನ್ನುತ್ತಾರೆ. ಹಲ್ಲಿನ ಸೆಟ್ ಸಡಿಲವಾಗಿರಬೇಕೆಂದು ಬದಲಿಸಿದೆವು, ಪ್ರಯೋಜನವಾಗಲಿಲ್ಲ. ವೈದ್ಯರೊಬ್ಬರು ನರದ ತೊಂದರೆಯೆಂದು ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಕೊಟ್ಟರು; ಅದಾದ ಮೇಲೆ ಇನ್ನೂ ಹೆಚ್ಚಾಗಿದೆ. ಹೊಟ್ಟೆಯುಬ್ಬರ, ಹುಳಿತೇಗಿಗೆಂದು ಲೆವೊಸಲ್ಪಿರೈಡ್ ಸೇರಿರುವ ಕ್ಯಾಪ್ಸೂಲನ್ನು ಎರಡೂವರೆ ವರ್ಷದಿಂದ ದಿನವೂ ತೆಗೆದುಕೊಳ್ಳುತ್ತಿದ್ದಾರೆ, ತಲೆಸುತ್ತು ಬಂದಾಗ ಸಿನ್ನರಿಜಿನ್ ನುಂಗುತ್ತಾರೆ. ಇಳಿವಯಸ್ಸಿನಲ್ಲಿ ನಮ್ಮ ತಾತನ ತಲೆಯೂ ಅಲ್ಲಾಡುತ್ತಿತ್ತಂತೆ, ಹಾಗಾಗಿ ಇದು ವಂಶದ ಕಾಯಿಲೆಯೆಂದು ಬಂಧುಗಳು ಹೇಳುತ್ತಾರೆ. ಹಂಟಿಂಗ್ಟನ್ ಕಾಯಿಲೆಯ ಬಗ್ಗೆ ಓದಿದಾಗಿನಿಂದ ನನಗೆ ರಾತ್ರಿ ನಿದ್ದೆಯಿಲ್ಲ. ಇದು ನನಗೂ ನನ್ನ ಮಗಳಿಗೂ ಬರುತ್ತದೆಯೇ? ಎಲ್ಲ ಮಾತ್ರೆಗಳನ್ನೂ ನಿಲ್ಲಿಸಿಬಿಡಲೇ? ಇದು ಗುಣವಾಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ತಾಯಿಗೆ ಆಗಿರುವುದೇನು ಎಂಬುದು ಒಂದು, ಅದು ನಿಮಗೂ ಮಗಳಿಗೂ ಬರುತ್ತದೆಯೇ ಎಂಬುದು ಇನ್ನೊಂದು, ಈಗಲೇ ಏನು ಮಾಡಬೇಕೆಂಬುದು ಮತ್ತೊಂದು. ನಿದ್ದೆ ಕೆಡಿಸಿರುವ ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ನೀವು ಬರೆದಿರುವಷ್ಟನ್ನು ನೋಡಿದರೆ ಇದು ವಂಶದಿಂದ ಬಂದದ್ದೆಂದು ಅನ್ನಿಸುವುದಿಲ್ಲ. ದಿನವೂ ನುಂಗುತ್ತಿರುವ ಕ್ಯಾಪ್ಸೂಲಿನಿಂದ ಬಂದಿರುವ ಸಾಧ್ಯತೆಯೇ ಬಹಳ ಹೆಚ್ಚು. ತಾಯಿಯವರನ್ನು ಕಣ್ಣಾರೆ ನೋಡದೆ ಖಚಿತವಾಗಿ ರೋಗನಿರ್ಣಯ ಮಾಡಲು ನನಗೆ ಸಾಧ್ಯವಿಲ್ಲ, ಮಾಡಲೂ ಬಾರದು. ಆದರೆ ಇಷ್ಟು ವಿವರವಾದ ಪತ್ರ ಓದಿದ ಯಾವ ನರರೋಗ ತಜ್ಞರ ಬೆರಳೂ ಮೊದಲು ಆ ಲೆವೊಸಲ್ಪಿರೈಡ್ ಎಂಬ ಹೆಸರಿನ ಮೇಲೆಯೇ ಹೋಗಿ ನಿಲ್ಲುತ್ತದೆ.

ಈ ತೊಂದರೆಗೆ ಟಾರ್ಡಿವ್ ಡಿಸ್ಕೈನೇಸಿಯಾ ಎಂದು ಹೆಸರು. ತಡವಾಗಿ ಕಾಣಿಸಿಕೊಳ್ಳುವ ಅಸಹಜ ಚಲನೆ ಎಂಬುದು ಅದರ ಅರ್ಥ. ಸ್ಕಿಜೋಫ್ರೇನಿಯಾದಂಥ ಮನೋರೋಗಕ್ಕೆ ಕೊಡುವ ಔಷಧಿಗಳಲ್ಲಿ ಮೊದಲನೆಯದಾದ ಕ್ಲೋರ್‌ಪ್ರೊಮಜಿನ್ 1950ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, ಅದನ್ನು ಬಹುಕಾಲ ತೆಗೆದುಕೊಂಡವರ ತುಟಿ, ನಾಲಿಗೆ, ದವಡೆಗಳು ತಮ್ಮಷ್ಟಕ್ಕೆ ತಾವೇ ಆಡತೊಡಗುವುದನ್ನು ವೈದ್ಯರು ಗಮನಿಸಿದರು. 1964ರಲ್ಲಿ ಅದಕ್ಕೆ ಈ ಹೆಸರು ಬಂತು. ಆ ಚರಿತ್ರೆಯಿಂದಾಗಿಯೇ ಇದು ಮಾನಸಿಕ ರೋಗಿಗಳಿಗೆ ಮಾತ್ರ ಬರುವ ತೊಂದರೆ ಎಂಬ ತಪ್ಪು ತಿಳಿವಳಿಕೆ ಬೇರೂರಿದೆ, ವೈದ್ಯರಲ್ಲಿಯೂ ಇದೆ. ಕಾಯಿಲೆಯ ಹೆಸರು ಯಾವುದೆಂಬುದು ಮಿದುಳಿಗೆ ಮುಖ್ಯವಲ್ಲ, ಔಷಧಿ ಅಲ್ಲಿ ಮಾಡುವ ಕೆಲಸವೇ ಮುಖ್ಯ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಮತ್ತು ಪ್ರೊಕ್ಲೋರ್‌ಪೆರಜಿನ್, ಹೊಟ್ಟೆಯುಬ್ಬರಕ್ಕೆ ಕೊಡುವ ಲೆವೊಸಲ್ಪಿರೈಡ್, ತಲೆಸುತ್ತು ಮತ್ತು ಅರೆತಲೆನೋವಿಗೆ ಕೊಡುವ ಸಿನ್ನರಿಜಿನ್ ಮತ್ತು ಫ್ಲೂನರಿಜಿನ್, ಇವೆಲ್ಲವೂ ಮನೋರೋಗದ ಔಷಧಿಗಳಂತೆಯೇ ಮಿದುಳಿನಲ್ಲಿ ಡೋಪಮೈನಿಗೆ ಅಡ್ಡ ನಿಲ್ಲುತ್ತವೆ. ನಿಮ್ಮ ತಾಯಿಯವರು ಇಂಥ ಎರಡು ಔಷಧಿಗಳನ್ನು ಒಟ್ಟಿಗೆ ತೆಗೆದುಕೊಳ್ಳುತ್ತಿದ್ದಾರೆ.

ಆಗುವುದೇನೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ತಿಳಿದರೆ ಚಿಕಿತ್ಸೆಯ ತರ್ಕವೂ ತಿಳಿಯುತ್ತದೆ. ನಮ್ಮ ಪ್ರತಿಯೊಂದು ಚಲನೆಗೂ ಎಷ್ಟು ವೇಗ, ಎಷ್ಟು ಹತೋಟಿ ಬೇಕೆಂಬುದನ್ನು ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗ ಹದಗೊಳಿಸುತ್ತದೆ. ಅಲ್ಲಿ ಸಂದೇಶ ಒಯ್ಯುವ ರಾಸಾಯನಿಕಗಳಲ್ಲಿ ಡೋಪಮೈನ್ ಮುಖ್ಯವಾದದ್ದು. ಔಷಧಿಯು ಡೋಪಮೈನ್ ಬಂದು ಕೂರಬೇಕಾದ ಜಾಗವನ್ನು, ಅಂದರೆ ಗ್ರಾಹಕಗಳನ್ನು, ತಿಂಗಳುಗಟ್ಟಲೆ ಮುಚ್ಚಿಟ್ಟಾಗ ನರಕೋಶಗಳು ಸುಮ್ಮನಿರುವುದಿಲ್ಲ. ಬರುತ್ತಿರುವ ಅಲ್ಪಸ್ವಲ್ಪ ಸಂದೇಶವನ್ನಾದರೂ ಹಿಡಿದುಕೊಳ್ಳೋಣವೆಂದು ಅವು ಗ್ರಾಹಕಗಳ ಸಂಖ್ಯೆಯನ್ನೂ ಸೂಕ್ಷ್ಮತೆಯನ್ನೂ ಹೆಚ್ಚಿಸಿಕೊಳ್ಳುತ್ತವೆ. ಕೊನೆಗೆ ಸಣ್ಣ ಸಂದೇಶಕ್ಕೂ ಅತಿಯಾದ ಪ್ರತಿಕ್ರಿಯೆ ಬಂದು, ಯಾರೂ ಕೇಳದ ಚಲನೆಗಳು ಹುಟ್ಟುತ್ತವೆ. ಇದರಲ್ಲಿ ಬೇರೆ ವ್ಯವಸ್ಥೆಗಳ ಪಾತ್ರವೂ ಇದೆಯಾದರೂ ಎರಡು ವಿಚಿತ್ರ ಸಂಗತಿಗಳನ್ನು ಅರ್ಥ ಮಾಡಿಕೊಳ್ಳಲು ಇಷ್ಟು ಸಾಕು. ಕಾರಣವಾದ ಔಷಧಿಯ ಪ್ರಮಾಣವನ್ನು ಹೆಚ್ಚಿಸಿದರೆ ಚಲನೆಗಳು ಕೆಲಕಾಲ ಕಡಿಮೆಯಾದಂತೆ ಕಾಣುತ್ತವೆ, ಏಕೆಂದರೆ ಹೊಸದಾಗಿ ಹುಟ್ಟಿದ ಗ್ರಾಹಕಗಳೂ ಮುಚ್ಚಿಹೋಗುತ್ತವೆ. ಅದೇ ಔಷಧಿಯನ್ನು ನಿಲ್ಲಿಸಿದಾಗ ಎಲ್ಲವೂ ತೆರೆದುಕೊಂಡು ಚಲನೆಗಳು ಕೆಲವು ವಾರ ಜೋರಾಗುತ್ತವೆ. ಇದನ್ನು ಮೊದಲೇ ತಿಳಿಸದಿದ್ದರೆ ಮನೆಯವರು ಗಾಬರಿಯಾಗಿ ‘ಮಾತ್ರೆ ಬಿಟ್ಟದ್ದೇ ತಪ್ಪಾಯಿತು’ ಎಂದು ಮತ್ತೆ ಶುರುಮಾಡುತ್ತಾರೆ. ಇದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ.

ಎಲ್ಲರಿಗೂ ಹೀಗಾಗುವುದಿಲ್ಲ. ವಯಸ್ಸಾದವರು, ಹೆಂಗಸರು, ಸಕ್ಕರೆ ಕಾಯಿಲೆಯಿರುವವರು, ಮೊದಲೇ ಮಿದುಳಿಗೆ ಪೆಟ್ಟಾಗಿರುವವರು ಹೆಚ್ಚು ಅಪಾಯದಲ್ಲಿರುತ್ತಾರೆ. ಮೊದಲ ಮೂರೂ ನಿಮ್ಮ ತಾಯಿಯವರಿಗೆ ಅನ್ವಯಿಸುತ್ತವೆ. ಸಾಮಾನ್ಯವಾಗಿ ಮೂರು ತಿಂಗಳಾದರೂ ಔಷಧಿ ತೆಗೆದುಕೊಂಡ ಮೇಲೆ ಇದು ಕಾಣಿಸಿಕೊಳ್ಳುತ್ತದೆ. 60 ದಾಟಿದವರಲ್ಲಿ ಒಂದೇ ತಿಂಗಳು ಸಾಕಾಗಬಹುದು. ಈ ಕಾರಣಕ್ಕಾಗಿಯೇ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯು 2009ರಲ್ಲಿ ಮೆಟೊಕ್ಲೊಪ್ರಮೈಡ್ ಔಷಧಿಯ ಮಾಹಿತಿಪತ್ರದಲ್ಲಿ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆಯನ್ನು ಸೇರಿಸಲು ಆದೇಶಿಸಿ, 12 ವಾರಕ್ಕಿಂತ ಹೆಚ್ಚು ಕಾಲ ಬಳಸದಂತೆ ಹೇಳಿತು. 2013ರಲ್ಲಿ ಯುರೋಪಿನ ಸಂಸ್ಥೆಯು ಅದನ್ನು ಐದು ದಿನಕ್ಕೆ ಇಳಿಸಿತು. ಅದೇ ಬಗೆಯ ಕೆಲಸ ಮಾಡುವ ಒಂದು ಔಷಧಿ ಹೊಟ್ಟೆಯ ಕ್ಯಾಪ್ಸೂಲಿನೊಳಗೆ ಸೇರಿಕೊಂಡು ಎರಡೂವರೆ ವರ್ಷ ದಿನವೂ ಹೊಟ್ಟೆಗೆ ಹೋಗಿದೆ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ. ಇದರಲ್ಲಿ ನಿಮ್ಮ ತಪ್ಪಾಗಲಿ, ತಾಯಿಯವರ ತಪ್ಪಾಗಲಿ ಏನೂ ಇಲ್ಲ. ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ತರುವ ‘ಗ್ಯಾಸಿನ ಮಾತ್ರೆ’ಯನ್ನು ಯಾರೂ ಮಿದುಳಿನ ಔಷಧಿ ಎಂದು ಭಾವಿಸುವುದಿಲ್ಲ.

ಈಗ ವಂಶದ ಮಾತು. ಹಂಟಿಂಗ್ಟನ್ ಕಾಯಿಲೆ ನಾಲ್ಕನೆಯ ವರ್ಣತಂತುವಿನ ಒಂದು ಜೀನ್ ಕೆಡುವುದರಿಂದ ಬರುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇಕಡಾ 50. ಆ ಅಂಕಿ ಓದಿ ನಿಮಗೆ ಭಯವಾಗಿರುವುದು ಸಹಜ. ಆದರೆ ಆ ಕಾಯಿಲೆಯ ಚಹರೆಯೇ ಬೇರೆ. ನನ್ನ ಕೋಣೆಯಲ್ಲಿ ಇಂಥವರು ಬಂದು ಕುಳಿತಾಗ ನಾನು ಮೊದಲು ಮಾಡುವುದು ಬಹಳ ಸರಳವಾದ ಪರೀಕ್ಷೆ. ನಾಲಿಗೆಯನ್ನು ಹೊರಗೆ ಚಾಚಿ, ನಾನು ಹತ್ತು ಎಣಿಸುವವರೆಗೆ ಹಾಗೆಯೇ ಹಿಡಿದಿರಿ ಎನ್ನುತ್ತೇನೆ. ಹಂಟಿಂಗ್ಟನ್ ಇರುವವರ ನಾಲಿಗೆ ಮೂರು ನಾಲ್ಕು ಎನ್ನುವುದರೊಳಗೆ ತಾನಾಗಿ ಒಳಗೆ ಸರಿದುಬಿಡುತ್ತದೆ; ಎಷ್ಟು ಪ್ರಯತ್ನಪಟ್ಟರೂ ಹಿಡಿದಿಡಲು ಆಗುವುದಿಲ್ಲ. ಔಷಧಿಯಿಂದ ಬಂದ ತೊಂದರೆಯಲ್ಲಿ, ಒಂದು ಕ್ಷಣದ ಹಿಂದೆ ಹಾವಿನಂತೆ ಆಡುತ್ತಿದ್ದ ಅದೇ ನಾಲಿಗೆ ಬಹುಮಟ್ಟಿಗೆ ಹತ್ತರವರೆಗೂ ಹೊರಗೆ ನಿಲ್ಲುತ್ತದೆ. ಆಮೇಲೆ ಹಣೆಯನ್ನು ನೋಡುತ್ತೇನೆ. ಹಂಟಿಂಗ್ಟನ್ನಿನಲ್ಲಿ ಹುಬ್ಬು, ಹಣೆಗಳೂ ಏರಿಳಿಯುತ್ತವೆ. ಔಷಧಿಯ ತೊಂದರೆ ಸಾಮಾನ್ಯವಾಗಿ ಮುಖದ ಕೆಳಭಾಗದಲ್ಲೇ ಉಳಿಯುತ್ತದೆ. ಕೊನೆಯಲ್ಲಿ ಹೆಬ್ಬೆರಳಿಗೆ ಉಳಿದ ಬೆರಳುಗಳನ್ನು ಒಂದೊಂದಾಗಿ ತಟ್ಟಲು ಹೇಳುತ್ತೇನೆ. ಗಮನವೆಲ್ಲ ಬೆರಳಿನ ಕಡೆಗೆ ಹೋದಾಗ ಬಾಯಿಯ ಆಟ ಹೆಚ್ಚುತ್ತದೆ, ಮಾತಾಡುವಾಗ ಅಥವಾ ಊಟ ಮಾಡುವಾಗ ಕಡಿಮೆಯಾಗುತ್ತದೆ. ತಾಯಿಯವರು ‘ಗೊತ್ತಾಗುವುದಿಲ್ಲ’ ಎಂದದ್ದು ಸುಳ್ಳಲ್ಲ, ಉಪೇಕ್ಷೆಯೂ ಅಲ್ಲ. ಇದು ಈ ತೊಂದರೆಯ ಒಂದು ಲಕ್ಷಣವೇ ಆಗಿದೆ.

ತಾತನ ತಲೆ ಅಲ್ಲಾಡುತ್ತಿದ್ದುದು ಬೇರೆಯೇ ಕಥೆಯಿರಬೇಕು. ಇಳಿವಯಸ್ಸಿನಲ್ಲಿ ಒಂದೇ ಲಯದಲ್ಲಿ ‘ಇಲ್ಲ ಇಲ್ಲ’ ಎನ್ನುವಂತೆ ತಲೆ ಆಡುವುದು ನಡುಕ. ನಡುಕಕ್ಕೆ ತಾಳವಿದೆ, ನಿಮ್ಮ ತಾಯಿಯವರಲ್ಲಿ ನೀವು ವರ್ಣಿಸಿರುವ ಚಲನೆಗೆ ತಾಳವಿಲ್ಲ. ನಡುಕ ಕೆಲವು ಕುಟುಂಬಗಳಲ್ಲಿ ಬರುವುದುಂಟು, ಆದರೆ ಅದು ಹಂಟಿಂಗ್ಟನ್ ಅಲ್ಲ. ತಾತನಿಗೆ ಅದರ ಜೊತೆಗೆ ಬುದ್ಧಿಭ್ರಮಣೆ, ಸ್ವಭಾವದಲ್ಲಿ ದೊಡ್ಡ ಬದಲಾವಣೆ, ನಡಿಗೆಯಲ್ಲಿ ತೂರಾಟ ಇವೆಲ್ಲ ಇದ್ದವೇ ಎಂದು ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಇದ್ದವೆಂದಾದರೆ, ಅಥವಾ ಪರೀಕ್ಷೆಯ ನಂತರವೂ ಅನುಮಾನ ಉಳಿದರೆ, ರಕ್ತದಲ್ಲಿ ಆ ಜೀನನ್ನು ನೇರವಾಗಿ ನೋಡುವ ಪರೀಕ್ಷೆಯಿದೆ. ಅದನ್ನು ಮೊದಲು ತಾಯಿಯವರಿಗೆ, ಸರಿಯಾದ ಸಮಾಲೋಚನೆಯ ನಂತರ ಮಾಡಿಸಬೇಕೇ ಹೊರತು ಆರೋಗ್ಯವಾಗಿರುವ ನೀವು ಗಾಬರಿಯಲ್ಲಿ ಮಾಡಿಸಿಕೊಳ್ಳಬಾರದು. ನಿಮ್ಮ ಮಗಳಿಗಂತೂ ಈಗ ಅದರ ಯೋಚನೆಯೇ ಬೇಡ.

ಔಷಧಿಯ ಮೇಲೆ ಅನುಮಾನ ಬಂದಿತೆಂದು ಉಳಿದ ಕಾರಣಗಳನ್ನು ನೋಡದೆ ಬಿಡುವುದೂ ತಪ್ಪು, ಏಕೆಂದರೆ ವಂಶದಿಂದ ಬರದ ಅನೈಚ್ಛಿಕ ಚಲನೆಗಳಲ್ಲಿ ಕೆಲವು ಪೂರ್ತಿ ಗುಣವಾಗುವಂಥವು. ನಿಮ್ಮ ತಾಯಿಯವರ ವಿಷಯದಲ್ಲಿ ಮೊದಲು ನೋಡಬೇಕಾದದ್ದು ರಕ್ತದ ಸಕ್ಕರೆ. ಸಕ್ಕರೆ ಬಹಳ ಏರಿದಾಗ, ಮುಖ್ಯವಾಗಿ ವಯಸ್ಸಾದ ಹೆಂಗಸರಲ್ಲಿ, ದೇಹದ ಒಂದೇ ಬದಿಯ ಕೈಕಾಲು ತಾನಾಗಿ ಕುಣಿಯುವ ಒಂದು ಸ್ಥಿತಿ ಬರುತ್ತದೆ. ಎಂಆರ್‌ಐಯಲ್ಲಿ ಅದಕ್ಕೆ ತನ್ನದೇ ಆದ ಗುರುತು ಕಾಣುತ್ತದೆ, ಸಕ್ಕರೆ ಹತೋಟಿಗೆ ಬಂದರೆ ಹೆಚ್ಚಿನವರಲ್ಲಿ ಇಳಿಯುತ್ತದೆ. ನಿಮ್ಮ ತಾಯಿಯವರಿಗೆ ಬಾಯಿಯಿಂದ ಶುರುವಾಗಿ ನಿಧಾನವಾಗಿ ಬಂದಿರುವುದರಿಂದ ಅದು ಇರಲಾರದು, ಆದರೂ ನೋಡಿಬಿಡುವುದು ಕ್ಷೇಮ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದು, ಕೆಂಪು ರಕ್ತಕಣಗಳು ಮಿತಿಮೀರಿ ಹೆಚ್ಚುವುದು, ಲೂಪಸ್‌ನಂತಹ ಸ್ವಯಂನಿರೋಧಕ ಕಾಯಿಲೆಗಳು ಸಹ ಇಂಥ ಚಲನೆಗಳನ್ನು ತರಬಲ್ಲವು. ಇವನ್ನು ರಕ್ತಪರೀಕ್ಷೆಯಲ್ಲಿ ಹುಡುಕಬಹುದು. ಹಠಾತ್ತಾಗಿ ಒಂದೇ ದಿನದಲ್ಲಿ ಒಂದು ಬದಿಯ ಕೈಕಾಲು ಎಸೆದಂತೆ ಆಡತೊಡಗಿದರೆ ಅದು ಪಾರ್ಶ್ವವಾಯುವಿನ ಲಕ್ಷಣವಿರಬಹುದು, ಕಾಯದೆ ಆಸ್ಪತ್ರೆಗೆ ಹೋಗಬೇಕು. ಹಲ್ಲಿಲ್ಲದವರಲ್ಲಿ, ಸೆಟ್ ಸರಿಹೊಂದದವರಲ್ಲಿ ಬರಿಯ ಬಾಯಿಯ ಚಲನೆ ಬರುವುದೂ ನಿಜ, ಹಾಗಾಗಿ ನೀವು ಮೊದಲು ಅತ್ತ ನೋಡಿದ್ದು ಅಸಂಬದ್ಧವೇನಲ್ಲ. ಆದರೆ ಅದು ಬೆರಳುಗಳಿಗೆ ಇಳಿಯುವುದಿಲ್ಲ.

ಟಾರ್ಡಿವ್ ಡಿಸ್ಕೈನೇಸಿಯಾವನ್ನು ಸಾಬೀತುಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ ಎಂಬುದನ್ನೂ ಹೇಳಬೇಕು. ಎಂಆರ್‌ಐ ಸಹಜವಾಗಿದೆ ಎಂದರೆ ತೊಂದರೆಯೇ ಇಲ್ಲ ಎಂದಲ್ಲ. ಚಲನೆಯ ಸ್ವರೂಪ ಮತ್ತು ಔಷಧಿಯ ಇತಿಹಾಸ, ಇವೆರಡೇ ರೋಗನಿರ್ಣಯದ ಆಧಾರ. ಆದ್ದರಿಂದ ವೈದ್ಯರಲ್ಲಿಗೆ ಹೋಗುವಾಗ ಚೀಟಿಗಳನ್ನಷ್ಟೇ ಒಯ್ಯಬೇಡಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಬ್ರಾಂಡಿನ ಹೆಸರು ದೊಡ್ಡದಾಗಿ ಮುದ್ರಿತವಾಗಿರುತ್ತದೆ, ಒಳಗಿರುವ ಔಷಧಿಯ ಹೆಸರು ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಹೊಟ್ಟೆಯ ಕ್ಯಾಪ್ಸೂಲಿನಲ್ಲಿ ಆಮ್ಲ ತಗ್ಗಿಸುವ ಔಷಧಿಯ ಪಕ್ಕದಲ್ಲಿ ಇನ್ನೊಂದು ಹೆಸರಿದೆಯೇ ಎಂದು ನೋಡುವುದೇ ಮುಖ್ಯ. ತಾಯಿಯವರು ಆರಾಮವಾಗಿ ಕುಳಿತಿರುವಾಗ ಎರಡು ನಿಮಿಷದ ವಿಡಿಯೊ ಮಾಡಿಟ್ಟುಕೊಳ್ಳಿ. ವೈದ್ಯರ ಎದುರು ಗಾಬರಿಯಿಂದ ಚಲನೆ ಹೆಚ್ಚಬಹುದು, ಮಾತಿಗೆ ತೊಡಗಿದರೆ ಕಡಿಮೆಯಾಗಬಹುದು. ಮನೆಯ ವಿಡಿಯೊ ನಿಜವನ್ನು ತೋರಿಸುತ್ತದೆ.

ಎಲ್ಲ ಮಾತ್ರೆ ನಿಲ್ಲಿಸಿಬಿಡಲೇ ಎಂದು ಕೇಳಿದ್ದೀರಿ. ಎಲ್ಲವನ್ನೂ ಖಂಡಿತ ಬೇಡ. ಸಕ್ಕರೆಯ ಔಷಧಿ ಮುಂದುವರಿಯಲೇಬೇಕು. ಲೆವೊಸಲ್ಪಿರೈಡ್ ಮತ್ತು ಸಿನ್ನರಿಜಿನ್‌ಗಳ ವಿಷಯದಲ್ಲಿ, ಅವನ್ನು ಬರೆದುಕೊಟ್ಟ ವೈದ್ಯರನ್ನು ಈ ವಾರವೇ ಕಂಡು, ‘ಇದರಿಂದ ಚಲನೆಯ ತೊಂದರೆ ಬಂದಿರುವಂತಿದೆ, ನಿಲ್ಲಿಸಬಹುದೇ?’ ಎಂದು ನೇರವಾಗಿ ಕೇಳಿ. ಹೊಟ್ಟೆಯ ತೊಂದರೆಗಾಗಿ ಕೊಟ್ಟ ಔಷಧಿಯನ್ನು ಸಾಮಾನ್ಯವಾಗಿ ನಿಲ್ಲಿಸಲು ಅಡ್ಡಿಯಿರುವುದಿಲ್ಲ. ಒಮ್ಮೆಗೇ ನಿಲ್ಲಿಸಬೇಕೋ ಹಂತಹಂತವಾಗಿ ಇಳಿಸಬೇಕೋ ಎಂಬುದನ್ನು ಪ್ರಮಾಣ ನೋಡಿ ಅವರು ನಿರ್ಧರಿಸುತ್ತಾರೆ. ಆಮ್ಲದ ಔಷಧಿಯೊಂದನ್ನೇ ಪ್ರತ್ಯೇಕವಾಗಿ ಕೊಡಬಹುದು. ದೀರ್ಘಕಾಲದ ಸಕ್ಕರೆ ಕಾಯಿಲೆಯಲ್ಲಿ ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದಲೂ ಉಬ್ಬರ ಬರುತ್ತದೆ. ಒಮ್ಮೆಗೆ ಕಡಿಮೆ ಊಟ, ಹೆಚ್ಚು ಬಾರಿ ಊಟ, ಜಿಡ್ಡು ಕಡಿಮೆ ಮಾಡುವುದು, ಸಕ್ಕರೆಯನ್ನು ಹತೋಟಿಯಲ್ಲಿಡುವುದು, ಇವು ಅದಕ್ಕೆ ಮಾತ್ರೆಗಿಂತ ಮೊದಲು ಮಾಡಬೇಕಾದ ಕೆಲಸಗಳು.

ಇಲ್ಲೊಂದು ಮಾತನ್ನು ಬೇರೆ ಓದುಗರಿಗಾಗಿ ಒತ್ತಿ ಹೇಳಬೇಕಾಗಿದೆ. ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ಈ ಉತ್ತರ ಓದಿ ತಾವಾಗಿ ಮಾತ್ರೆ ಬಿಡಬಾರದು. ಅವರಲ್ಲಿ ಮೂಲ ಕಾಯಿಲೆ ಮರುಕಳಿಸುವ ಅಪಾಯ ಬಾಯಿ ಆಡುವುದಕ್ಕಿಂತ ಎಷ್ಟೋ ದೊಡ್ಡದು. ಅಂಥವರಲ್ಲಿ ಮನೋವೈದ್ಯರು ಪ್ರಮಾಣ ತಗ್ಗಿಸಬಹುದು, ಈ ತೊಂದರೆ ಕಡಿಮೆ ಇರುವ ಕ್ವೆಟಿಯಪಿನ್ ಅಥವಾ ಕ್ಲೊಜಪಿನ್‌ಗೆ ಬದಲಿಸಬಹುದು; ಕ್ಲೊಜಪಿನ್ ಆದರೆ ಬಿಳಿ ರಕ್ತಕಣಗಳ ಮೇಲೆ ನಿಯಮಿತವಾಗಿ ಕಣ್ಣಿಡಬೇಕು. ಹಾಗೆಯೇ ಔಷಧಿಯನ್ನು ಮುಂದುವರಿಸಿಕೊಂಡೇ ಚಲನೆಗೆ ಪ್ರತ್ಯೇಕ ಚಿಕಿತ್ಸೆ ಕೊಡುವುದೂ ಸಾಧ್ಯವಿದೆ.

ಟ್ರೈಹೆಕ್ಸಿಫೆನಿಡಿಲ್ ವಿಷಯಕ್ಕೆ ಬರುತ್ತೇನೆ. ಇದೇ ಔಷಧಿಗಳಿಂದ ಕೈನಡುಕ, ಮೈಬಿಗಿತ ಬಂದಾಗ ಅದು ಉಪಯೋಗಕ್ಕೆ ಬರುತ್ತದೆ, ಕತ್ತು ತಿರುಚುವಂಥ ಡಿಸ್ಟೋನಿಯಾದಲ್ಲಿಯೂ ಕೆಲಸ ಮಾಡುತ್ತದೆ. ಆದರೆ ಬಾಯಿ, ನಾಲಿಗೆಗಳ ಈ ಬಗೆಯ ಚಲನೆಯನ್ನು ಅದು ಹೆಚ್ಚಿಸುತ್ತದೆ. ಮೇಲುನೋಟಕ್ಕೆ ಎಲ್ಲವೂ ‘ನರದ ತೊಂದರೆ’ಯೇ ಆದ್ದರಿಂದ ಈ ಗೊಂದಲ ಸುಲಭವಾಗಿ ಆಗುತ್ತದೆ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಒಬ್ಬ ಹಿರಿಯರಿಗೆ ಅದನ್ನು ಬರೆದುಕೊಟ್ಟು, ತಿಂಗಳ ನಂತರ ಅವರು ಮೊದಲಿಗಿಂತ ಹೆಚ್ಚು ಬಾಯಾಡಿಸುತ್ತ, ಒಣಗಿದ ನಾಲಿಗೆಯಲ್ಲಿ ಮಾತು ತೊದಲುತ್ತ ಎದುರಿಗೆ ಕುಳಿತಾಗ ನನ್ನ ತಪ್ಪು ನನಗೆ ತಿಳಿಯಿತು. ಆ ಮುಖ ನನಗೆ ಈಗಲೂ ನೆನಪಿದೆ. ವಯಸ್ಸಾದವರಲ್ಲಿ ಈ ಮಾತ್ರೆ ಮರೆವು, ಮಲಬದ್ಧತೆ, ಮೂತ್ರ ಕಟ್ಟುವುದು ಮುಂತಾದ ತೊಂದರೆಗಳನ್ನೂ ತರುತ್ತದೆ. ಇದನ್ನೂ ಒಮ್ಮೆಗೇ ಬಿಡದೆ, ವೈದ್ಯರು ಹೇಳಿದಂತೆ ಕೆಲವು ವಾರಗಳಲ್ಲಿ ಇಳಿಸಿ ನಿಲ್ಲಿಸಬೇಕು.

ಗುಣವಾಗುತ್ತದೆಯೇ ಎಂಬುದಕ್ಕೆ ಸುಳ್ಳು ಭರವಸೆ ಕೊಡಲಾರೆ. ಕಾರಣವಾದ ಔಷಧಿ ನಿಂತ ಮೇಲೆ ಕೆಲವರಲ್ಲಿ ತಿಂಗಳುಗಳಲ್ಲಿ ಪೂರ್ತಿ ಹೋಗುತ್ತದೆ, ಹಲವರಲ್ಲಿ ಕಡಿಮೆಯಾಗಿ ಉಳಿಯುತ್ತದೆ, ಕೆಲವರಲ್ಲಿ ಹಾಗೆಯೇ ಇರುತ್ತದೆ. ಬೇಗ ಗುರುತಿಸಿ ನಿಲ್ಲಿಸಿದಷ್ಟೂ ಅವಕಾಶ ಹೆಚ್ಚು. ಎಂಟು ತಿಂಗಳು ಎಂಬುದು ಕೈಮೀರಿದ ಕಾಲವೇನಲ್ಲ, ಆದರೆ ಇನ್ನೊಂದು ವರ್ಷ ಕಳೆಯಲು ಬಿಡಬೇಡಿ.

ನಿಲ್ಲಿಸಿ ಕೆಲವು ತಿಂಗಳು ಕಾದ ಮೇಲೂ ಚಲನೆ ತೊಂದರೆ ಕೊಡುತ್ತಿದ್ದರೆ, ಅಥವಾ ಈಗಲೇ ಊಟಕ್ಕೆ, ಮಾತಿಗೆ, ಜನರೆದುರು ಕೂರುವುದಕ್ಕೆ ಅಡ್ಡಿಯಾಗಿದ್ದರೆ, ಔಷಧಿಗಳಿವೆ. ನರಕೋಶದೊಳಗೆ ಡೋಪಮೈನ್ ತುಂಬಿಕೊಳ್ಳುವುದನ್ನು ತಗ್ಗಿಸುವ ಗುಂಪಿನಲ್ಲಿ ಟೆಟ್ರಾಬೆನಜಿನ್ ಹಳೆಯದು. ಅದರ ನಂತರ ಬಂದ ವಾಲ್ಬೆನಜಿನ್ ಮತ್ತು ಡ್ಯೂಟೆಟ್ರಾಬೆನಜಿನ್‌ಗಳಿಗೆ 2017ರಲ್ಲಿ ಅಮೆರಿಕದಲ್ಲಿ ಈ ತೊಂದರೆಗೆಂದೇ ಅನುಮತಿ ಸಿಕ್ಕಿತು. ಇವು ಮೂಲವನ್ನು ಅಳಿಸುವುದಿಲ್ಲ, ಚಲನೆಯನ್ನು ತಗ್ಗಿಸುತ್ತವೆ. ಟೆಟ್ರಾಬೆನಜಿನ್‌ನಿಂದ ಖಿನ್ನತೆ ಬರಬಹುದು, ಆತ್ಮಹತ್ಯೆಯ ಯೋಚನೆಗಳೂ ಬರಬಹುದು. ತಾಯಿಯವರಿಗೆ ಹಿಂದೆ ಎಂದಾದರೂ ಖಿನ್ನತೆ ಇದ್ದರೆ ಅದನ್ನು ಮುಚ್ಚಿಡದೆ ಹೇಳಿ. ತೂಕಡಿಕೆ ಮತ್ತು ಪಾರ್ಕಿನ್ಸನ್‌ನಂಥ ನಿಧಾನಗತಿ ಕಾಣಿಸಿದರೆ ಪ್ರಮಾಣ ಇಳಿಸಬೇಕಾಗುತ್ತದೆ. ಕ್ಲೊನಜೆಪಾಮ್ ಮತ್ತು ಅಮಾಂಟಡಿನ್ ಕೆಲವರಿಗೆ ಸ್ವಲ್ಪ ನೆರವಾಗುತ್ತವೆ, ಆದರೆ ವಯಸ್ಸಾದವರು ಕ್ಲೊನಜೆಪಾಮ್ ತೆಗೆದುಕೊಂಡು ರಾತ್ರಿ ಎದ್ದಾಗ ಬೀಳುವ ಭಯ ನನಗೆ ಯಾವಾಗಲೂ ಇರುತ್ತದೆ. ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುವುದು, ಕತ್ತು ತಿರುಚುವುದು, ದವಡೆ ಕಚ್ಚಿಕೊಳ್ಳುವುದು ಮುಖ್ಯವಾಗಿದ್ದಾಗ ಬೊಟುಲಿನಂ ಟಾಕ್ಸಿನ್ ಚುಚ್ಚುಮದ್ದು ಉತ್ತಮ. ಅದರ ಪರಿಣಾಮ ಸುಮಾರು ಮೂರು ತಿಂಗಳಿರುತ್ತದೆ. ನಾಲಿಗೆಗೆ ಕೊಟ್ಟರೆ ನುಂಗಲು ಕಷ್ಟವಾಗಬಹುದಾದ್ದರಿಂದ ನಾನು ಅಲ್ಲಿ ಬಹಳ ಹಿಂಜರಿಯುತ್ತೇನೆ. ಯಾವುದಕ್ಕೂ ಬಗ್ಗದ ತೀವ್ರ ತೊಂದರೆಗೆ ಮಿದುಳಿನ ಆಳದಲ್ಲಿ ವಿದ್ಯುತ್ ಪ್ರಚೋದನೆ ಕೊಡುವ ಶಸ್ತ್ರಚಿಕಿತ್ಸೆಯಿದೆ, ನಿಮ್ಮ ತಾಯಿಯವರು ಆ ಹಂತದಲ್ಲಿಲ್ಲ.

ಊಟ ಮಾಡುವಾಗ ಕೆಮ್ಮು ಬಂದರೆ, ತೂಕ ಇಳಿಯುತ್ತಿದ್ದರೆ, ಉಸಿರಾಟ ಏರುಪೇರಾಗಿ ಹೂಂಕರಿಸಿದಂತೆ ಸದ್ದು ಬರುತ್ತಿದ್ದರೆ ಕಾಯಬೇಡಿ. ಈ ಚಲನೆ ಗಂಟಲಿಗೂ ಉಸಿರಿನ ಸ್ನಾಯುಗಳಿಗೂ ಇಳಿಯಬಲ್ಲದು.

ಔಷಧಿ ನಿಲ್ಲಿಸಿದ ದಿನ ಒಂದು ವಿಡಿಯೊ ಮಾಡಿ, ಮೂರು ತಿಂಗಳಿಗೊಮ್ಮೆ ಅದೇ ಕುರ್ಚಿಯಲ್ಲಿ ಕೂರಿಸಿ ಮತ್ತೊಂದು ಮಾಡಿ. ದಿನವೂ ನೋಡುವವರಿಗೆ ನಿಧಾನವಾದ ಸುಧಾರಣೆ ಕಾಣುವುದಿಲ್ಲ, ಪಕ್ಕಪಕ್ಕದಲ್ಲಿಟ್ಟರೆ ಕಾಣುತ್ತದೆ. ಇದರ ಜೊತೆಗೆ ಒಂದು ಚಿಕ್ಕ ಕಾಗದದಲ್ಲಿ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್, ಲೆವೊಸಲ್ಪಿರೈಡ್, ಸಿನ್ನರಿಜಿನ್, ಫ್ಲೂನರಿಜಿನ್ ಈ ಐದು ಹೆಸರುಗಳನ್ನು ಬರೆದು, ಮೇಲೆ ‘ಕೊಡಬಾರದು’ ಎಂದು ಗುರುತಿಸಿ ತಾಯಿಯವರ ಪರ್ಸಿನಲ್ಲಿಡಿ. ಯಾವುದೋ ಒಂದು ರಾತ್ರಿ ವಾಂತಿಯೆಂದು ತುರ್ತು ಚಿಕಿತ್ಸೆಗೆ ಹೋದಾಗ, ಗೊತ್ತಿಲ್ಲದವರು ಮೊದಲು ಕೈಗೆತ್ತಿಕೊಳ್ಳುವುದು ಮೆಟೊಕ್ಲೊಪ್ರಮೈಡ್ ಚುಚ್ಚುಮದ್ದನ್ನೇ ಆಗಿರಬಹುದು. ಅಂಥ ಸಮಯದಲ್ಲಿ ಆ ಕಾಗದ ತೋರಿಸಿ, ಡೋಪಮೈನಿಗೆ ಅಡ್ಡ ಬರದ ಒಂಡಾನ್‌ಸೆಟ್ರಾನ್ ಕೊಡಲು ಸಾಧ್ಯವೇ ಎಂದು ಕೇಳಿ.